ಉತ್ತರ ಬಾರದ ಮತದ ನಾಡಿನಲ್ಲಿ: ಬೂಗನ್‌ವಿಲ್ ಚುನಾವಣೆಯ ದಿನಚರಿ

ಆಗಸ್ಟ್ 29, 2025, ಶುಕ್ರವಾರ: ಬೂಕಾ

ಪಪುವಾ ನ್ಯೂಗಿನಿಯ ರಾಜಧಾನಿ ಪೋರ್ಟ್ ಮೋರ್ಸ್‌ಬಿಯಿಂದ ಹೊರಟ ವಿಮಾನ ಬೂಗನ್‌ವಿಲ್‌ನ ಆಡಳಿತ ಕೇಂದ್ರವಾದ ಬೂಕಾದ ಸಣ್ಣ ನಿಲ್ದಾಣದಲ್ಲಿ ಇಳಿಯುತ್ತಿದ್ದಂತೆ, ಪಕ್ಕದ ಆಸನದಲ್ಲಿದ್ದ ಶಾಲಾ ಶಿಕ್ಷಕರೊಬ್ಬರು ನನ್ನ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳುವಂತೆ ನೆನಪಿಸಿದರು. ಪಪುವಾ ನ್ಯೂಗಿನಿಯ ಭಾಗವಾಗಿದ್ದರೂ ಬೂಗನ್‌ವಿಲ್ 2014ರ ಡಿಸೆಂಬರ್ ಕೊನೆಯಿಂದ ತನ್ನದೇ ಸಮಯವನ್ನು ಪಾಲಿಸುತ್ತಿದೆ. ಅದಕ್ಕೆ ತನ್ನದೇ ಧ್ವಜವಿದೆ, ಸಂವಿಧಾನವಿದೆ, ಜನ ನೇರವಾಗಿ ಆರಿಸುವ ಅಧ್ಯಕ್ಷನಿದ್ದಾನೆ, ಶಾಸನಸಭೆಯಿದೆ. ಆದರೆ ಜೇಬಿನಲ್ಲಿರುವ ಕೀನಾ ನೋಟು, ಕೈಯಲ್ಲಿರುವ ಪಾಸ್‌ಪೋರ್ಟು, ಗಡಿ ಕಾಯುವ ಸೈನ್ಯ ಇವೆಲ್ಲ ಪೋರ್ಟ್ ಮೋರ್ಸ್‌ಬಿಯ ಸರ್ಕಾರಕ್ಕೆ ಸೇರಿದವು. ಈ ಎರಡರ ನಡುವಿನ ಸ್ಥಿತಿಯಲ್ಲಿ ಒಂದು ಸಾರ್ವತ್ರಿಕ ಚುನಾವಣೆ ಹೇಗೆ ನಡೆಯುತ್ತದೆ ಎಂಬುದನ್ನು ನೋಡುವ ಆಸೆಯೇ ನನ್ನನ್ನು ಇಷ್ಟು ದೂರ ಕರೆತಂದಿತ್ತು.

ನಮ್ಮ ಊರುಗಳ ಕಾಂಪೌಂಡುಗಳ ಮೇಲೆ ಹಬ್ಬುವ ಕಾಗದದ ಹೂವಿಗೂ ಈ ದ್ವೀಪಕ್ಕೂ ಹೆಸರು ಬಂದದ್ದು ಒಬ್ಬನೇ ಫ್ರೆಂಚ್ ನಾವಿಕನಿಂದ. 1768ರಲ್ಲಿ ಲೂಯಿ ಆಂಟ್ವಾನ್ ದ ಬೂಗನ್‌ವಿಲ್ ಈ ಕರಾವಳಿಯ ಪಕ್ಕದಲ್ಲಿ ಹಾದುಹೋದ. ಆಮೇಲೆ ಜರ್ಮನಿ, ಆಸ್ಟ್ರೇಲಿಯಾ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನ್, ಮತ್ತೆ ಆಸ್ಟ್ರೇಲಿಯಾ ಹೀಗೆ ಆಳುವವರು ಬದಲಾಗುತ್ತ ಹೋದರು. ನೆಲದ ಗುಣದಿಂದಲೂ ಜನರ ನೆಂಟಸ್ತಿಕೆಯಿಂದಲೂ ಬೂಗನ್‌ವಿಲ್ ಸಾಲೊಮನ್ ದ್ವೀಪಗಳ ಸಾಲಿಗೆ ಸೇರಿದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಿಟನ್ ಮತ್ತು ಜರ್ಮನಿ ನಕಾಶೆಯ ಮೇಲೆ ಎಳೆದ ಗೆರೆ ಅದನ್ನು ನ್ಯೂಗಿನಿಯ ಕಡೆಗೆ ತಳ್ಳಿತು. ಇಂದಿನ ಬಹಳಷ್ಟು ಕಷ್ಟಗಳ ಬೇರು ಆ ಗೆರೆಯಲ್ಲಿದೆ ಎಂದು ನಾನು ಇಲ್ಲಿಗೆ ಬರುವ ಮೊದಲು ಓದಿದ್ದೆ; ಇಲ್ಲಿ ಅದನ್ನು ಮಾರುಕಟ್ಟೆಯ ಹೆಂಗಸರೂ ಹೇಳುತ್ತಾರೆ.

ಸಂಜೆ ಕಡಲ ಕಾಲುವೆಯ ದಂಡೆಯ ಮಾರುಕಟ್ಟೆಗೆ ಹೋದೆ. ಗೆಣಸು, ಮೀನು, ತೆಂಗಿನಕಾಯಿ, ಬಾಳೆಗೊನೆಗಳ ನಡುವೆ ಹಸಿ ಅಡಿಕೆಯ ಗುಡ್ಡೆಗಳು. ಇವರು ಅಡಿಕೆಯನ್ನು ಸಿಪ್ಪೆಯ ಸಮೇತ ಕಚ್ಚಿ ಬಿಡಿಸಿ, ವೀಳ್ಯದ ಬಳ್ಳಿಯ ಕಾಯಿಯನ್ನು ಸುಣ್ಣದ ಪುಡಿಯಲ್ಲಿ ಅದ್ದಿ ಜೊತೆಗೆ ಜಗಿಯುತ್ತಾರೆ. ಮಲೆನಾಡಿನಲ್ಲಿ ಬೆಳೆದ ನನಗೆ ಆ ವಾಸನೆಯಿಂದಲೇ ಅರ್ಧ ಪರಿಚಯವಾದಂತಾಯಿತು. ಅಂಗಡಿ ಗೋಡೆಗಳ ಮೇಲೆ, ಮರಗಳ ಬೊಡ್ಡೆಗಳ ಮೇಲೆ ಅಭ್ಯರ್ಥಿಗಳ ಭಾವಚಿತ್ರಗಳು. ನಾನೂರಕ್ಕೂ ಹೆಚ್ಚು ಮಂದಿ ಕಣದಲ್ಲಿದ್ದರು; ಅಧ್ಯಕ್ಷ ಸ್ಥಾನಕ್ಕೇ ಏಳು ಮಂದಿ. ಒಂದು ಗಂಟೆ ಸುತ್ತಿ ಮಾತಾಡಿಸಿದರೂ ಸ್ವಾತಂತ್ರ್ಯ ಬೇಡವೆನ್ನುವ ಒಬ್ಬ ಅಭ್ಯರ್ಥಿಯ ಹೆಸರನ್ನೂ ಯಾರೂ ಹೇಳಲಿಲ್ಲ. ಗೆಣಸು ಮಾರುತ್ತಿದ್ದ ವೃದ್ಧೆಯೊಬ್ಬರು ಅದನ್ನು ನೇರವಾಗಿ ಹೇಳಿದರು: "ಆ ಪ್ರಶ್ನೆಗೆ ನಾವು ಆಗಲೇ ಉತ್ತರ ಕೊಟ್ಟಿದ್ದೇವಪ್ಪ. ಈಗ ಕೇಳಬೇಕಾದ್ದು ಮೋರ್ಸ್‌ಬಿಯವರನ್ನು."

ಅವರು ಹೇಳಿದ ಉತ್ತರ 2019ರದು. ಆ ವರ್ಷ ನವೆಂಬರ್ 23ರಿಂದ ಡಿಸೆಂಬರ್ 7ರವರೆಗೆ ನಡೆದ ಜನಮತಗಣನೆಯಲ್ಲಿ ಹೆಚ್ಚಿನ ಸ್ವಾಯತ್ತತೆ ಬೇಕೆ, ಸ್ವಾತಂತ್ರ್ಯ ಬೇಕೆ ಎಂದು ಜನರನ್ನು ಕೇಳಲಾಯಿತು. 1,76,928 ಮಂದಿ ಸ್ವಾತಂತ್ರ್ಯಕ್ಕೆ ಮತ ಹಾಕಿದರು, 3,043 ಮಂದಿ ಸ್ವಾಯತ್ತತೆಗೆ. ಜಗತ್ತಿನಲ್ಲಿ ಇಷ್ಟು ಒಮ್ಮತದಿಂದ, ಇಷ್ಟು ಶಾಂತವಾಗಿ ಬಂದ ತೀರ್ಪುಗಳು ಹೆಚ್ಚಿಲ್ಲ. ಆದರೆ ಇಲ್ಲಿನ ಹತ್ತು ವರ್ಷದ ಯುದ್ಧದ ನಂತರ 2001ರಲ್ಲಿ ಆದ ಶಾಂತಿ ಒಪ್ಪಂದದ ಪ್ರಕಾರ ಆ ತೀರ್ಪು ತಾನಾಗಿ ಜಾರಿಗೆ ಬರುವುದಿಲ್ಲ. ಎರಡೂ ಸರ್ಕಾರಗಳು ಸಮಾಲೋಚನೆ ನಡೆಸಬೇಕು, ಕೊನೆಯ ಮಾತು ಪಪುವಾ ನ್ಯೂಗಿನಿಯ ಸಂಸತ್ತಿನದು. ಆ ಮಾತಿಗಾಗಿ ಕಾಯುತ್ತಲೇ ಜನ ಒಂದು ಚುನಾವಣೆ ಮುಗಿಸಿ ಇನ್ನೊಂದಕ್ಕೆ ಬಂದಿದ್ದಾರೆ.

ಆಗಸ್ಟ್ 30, ಶನಿವಾರ: ಕಾಲುವೆ ದಾಟಿ ಅರಾವಾಕ್ಕೆ

ಬೂಕಾ ದ್ವೀಪವನ್ನೂ ಬೂಗನ್‌ವಿಲ್ ದೊಡ್ಡ ದ್ವೀಪವನ್ನೂ ಬೇರ್ಪಡಿಸುವ ಕಾಲುವೆ ಕೆಲವೇ ನೂರು ಮೀಟರು ಅಗಲವಿದ್ದರೂ ಅದರ ಸೆಳೆತ ಬಲು ಜೋರು. ದೋಣಿಯವನು ಎದುರು ದಡದ ಕೊಕೊಪಾವಿಗೆ ನೇರ ಹೋಗದೆ, ದಡದ ಪಕ್ಕದಲ್ಲೇ ಮೇಲಕ್ಕೆ ಏರಿ, ಆಮೇಲೆ ನೀರು ಒಯ್ದ ಕಡೆಗೆ ಬಿಟ್ಟುಕೊಟ್ಟು ಸರಿಯಾಗಿ ಕಟ್ಟೆಗೆ ತಂದು ನಿಲ್ಲಿಸಿದ. ಅಲ್ಲಿಂದ ದಕ್ಷಿಣಕ್ಕೆ ಲ್ಯಾಂಡ್ ಕ್ರೂಸರ್‌ನ ಹಿಂಬದಿಯ ಬೆಂಚುಗಳಲ್ಲಿ ಎದುರುಬದುರಾಗಿ ಕೂತು ಪ್ರಯಾಣ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಮೋಡದಲ್ಲಿ ಮುಳುಗಿದ ಬೆಟ್ಟಸಾಲು, ನಡುವೆ ತೆಂಗಿನ ತೋಟಗಳು, ಅವುಗಳ ನೆರಳಲ್ಲಿ ಕೊಕ್ಕೊ ಗಿಡಗಳು. ಬೆಟ್ಟದಿಂದ ಸಮುದ್ರಕ್ಕೆ ಧಾವಿಸುವ ಹೊಳೆಗಳಿಗೆ ಜಪಾನ್ ನೆರವಿನಿಂದ ಕಟ್ಟಿದ ಸೇತುವೆಗಳಿವೆ.

ವಕುನಾಯ್ ಹತ್ತಿರ ಊಟಕ್ಕೆ ನಿಂತಾಗ ಶಾಲೆಯ ಮುಂದಿನ ಕಂಬದಲ್ಲಿ ಹಾರುತ್ತಿದ್ದ ಬೂಗನ್‌ವಿಲ್ ಧ್ವಜವನ್ನು ಹತ್ತಿರದಿಂದ ನೋಡಿದೆ. ಕಡುನೀಲಿ ಬಟ್ಟೆಯ ನಡುವೆ ಕಾಣುವ ಎತ್ತರದ ಕೆಂಪು ಪಟ್ಟೆಗಳ ಟೋಪಿಗೆ ಉಪೆ ಎಂದು ಹೆಸರು. ಈ ಭಾಗದ ಗಂಡುಹುಡುಗರು ಪ್ರಾಯಕ್ಕೆ ಬರುವ ಸಂಸ್ಕಾರದ ಕಾಲದಲ್ಲಿ ಅದನ್ನು ಧರಿಸುತ್ತಾರೆ. ಒಂದು ಪ್ರದೇಶದ ಸಂಸ್ಕಾರದ ಗುರುತನ್ನು ಇಪ್ಪತ್ತಕ್ಕೂ ಹೆಚ್ಚು ಭಾಷೆಗಳನ್ನಾಡುವ ಇಡೀ ನಾಡು ತನ್ನದೆಂದು ಒಪ್ಪಿಕೊಂಡಿರುವುದು ನನಗೆ ಸಣ್ಣ ಸಂಗತಿಯಾಗಿ ಕಾಣಲಿಲ್ಲ.

ಸಂಜೆ ಅರಾವಾ ಸೇರಿದೆವು. 2001ರ ಇದೇ ಆಗಸ್ಟ್ 30ರಂದು ಇದೇ ಊರಿನಲ್ಲಿ ಬೂಗನ್‌ವಿಲ್ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ಸ್ವಾಯತ್ತತೆ, ಶಸ್ತ್ರತ್ಯಾಗ, ಜನಮತಗಣನೆ ಎಂಬ ಮೂರು ಕಂಬಗಳ ಮೇಲೆ ಆ ಒಪ್ಪಂದ ನಿಂತಿದೆ. ಒಂದು ಕಾಲಕ್ಕೆ ಗಣಿ ಕಂಪನಿಯ ಅಧಿಕಾರಿಗಳಿಗಾಗಿ ಬೆಳೆದ ಅಚ್ಚುಕಟ್ಟಾದ ಪಟ್ಟಣ ಇದು. ಯುದ್ಧದಲ್ಲಿ ಸುಟ್ಟ ಕಟ್ಟಡಗಳ ಕಾಂಕ್ರೀಟು ಗೋಡೆಗಳು ಇಂದಿಗೂ ಬಳ್ಳಿ ಹಬ್ಬಿಸಿಕೊಂಡು ನಿಂತಿವೆ. ಅವುಗಳ ಪಕ್ಕದಲ್ಲೇ ಹೊಸ ಅಂಗಡಿಗಳು, ಚರ್ಚು, ಶಾಲೆ.

ರಾತ್ರಿ ಬಡಾವಣೆಯೊಂದರಲ್ಲಿ ಚುನಾವಣಾ ಸಭೆ ಇತ್ತು. ಜನರೇಟರಿನ ಒಂದೇ ದೀಪದ ಕೆಳಗೆ ಹಲಗೆಯ ವೇದಿಕೆ. ಮಕ್ಕಳು ಮುಂದೆ, ಹೆಂಗಸರು ಚಾಪೆಗಳ ಮೇಲೆ, ಗಂಡಸರು ಹಿಂದೆ ನಿಂತು ಕೇಳುತ್ತಿದ್ದರು. ಕ್ಷೇತ್ರದ ಅಭ್ಯರ್ಥಿಗಳು ಒಬ್ಬರ ನಂತರ ಒಬ್ಬರು ಅದೇ ವೇದಿಕೆ ಹತ್ತಿ ಎಲ್ಲರಿಗೂ ತಿಳಿಯುವ ಸಂಪರ್ಕ ಭಾಷೆಯಾದ ಟೋಕ್ ಪಿಸಿನ್‌ನಲ್ಲಿ ಮಾತಾಡಿದರು. ಒಬ್ಬರು ಮಾತಾಡುವಾಗ ಉಳಿದವರು ಕೆಳಗೆ ಜನರ ನಡುವೆ ಕೂತು ಕೇಳಿಸಿಕೊಂಡರು. ನಂತರ ಪ್ರಶ್ನೆಗಳು. ಆಸ್ಪತ್ರೆಗೆ ವೈದ್ಯರು ಯಾವಾಗ ಬರುತ್ತಾರೆ, ಕೊಕ್ಕೊ ಬೀಜವನ್ನು ಬಂದರಿಗೆ ಸಾಗಿಸುವ ರಸ್ತೆ ಏನಾಯಿತು, ಸ್ವತಂತ್ರರಾದ ಮೇಲೆ ಶಿಕ್ಷಕರ ಸಂಬಳ ಯಾರು ಕೊಡುತ್ತಾರೆ. ಕೊನೆಯ ಪ್ರಶ್ನೆ ಕೇಳಿದ ಯುವತಿ ಸ್ವತಃ ಶಿಕ್ಷಕಿ. ಅದಕ್ಕೆ ಬಂದ ಉತ್ತರಗಳಲ್ಲಿ ಯಾವುದೂ ಅವಳನ್ನು ತೃಪ್ತಿಪಡಿಸಲಿಲ್ಲವೆಂಬುದು ಅವಳ ಮುಖದಲ್ಲೇ ತಿಳಿಯುತ್ತಿತ್ತು. ಮತ್ತೆ ಎದ್ದು ನಿಂತು ಅದನ್ನೇ ಬೇರೆ ಮಾತುಗಳಲ್ಲಿ ಕೇಳಿದಳು. ಈ ಚುನಾವಣೆಯ ನಿಜವಾದ ವಿಷಯವನ್ನು ನಾನು ಅರಿತದ್ದು ಅವಳಿಂದ: ಸ್ವಾತಂತ್ರ್ಯ ಬೇಕೋ ಬೇಡವೋ ಎಂಬ ವಾದ ಇಲ್ಲಿ ಮುಗಿದಿದೆ, ಅದರ ಖರ್ಚು ಹೊರುವವರು ಯಾರು, ಹೇಗೆ ಎಂಬುದಷ್ಟೇ ಉಳಿದಿದೆ. ಸ್ವಾಯತ್ತ ಸರ್ಕಾರದ ಖಜಾನೆಗೆ ತನ್ನದೇ ತೆರಿಗೆಗಳಿಂದ ಬರುವುದು ಸಣ್ಣ ಪಾಲು. ಉಳಿದದ್ದು ಬಹುಪಾಲು ಪೋರ್ಟ್ ಮೋರ್ಸ್‌ಬಿಯ ಅನುದಾನ.

ಆಗಸ್ಟ್ 31, ಭಾನುವಾರ: ಕಿಯೆಟಾ, ರೊರೊವಾನಾ

ಬೆಳಿಗ್ಗೆ ಊರಿಗೆ ಊರೇ ಚರ್ಚಿನಲ್ಲಿತ್ತು. ಇಲ್ಲಿ ಕ್ಯಾಥೊಲಿಕರೇ ಹೆಚ್ಚು. ಪಾದ್ರಿಯವರು ಯಾವ ಅಭ್ಯರ್ಥಿಯ ಹೆಸರನ್ನೂ ಎತ್ತದೆ, ಮತ ಹಾಕಿ ಮನೆಗೆ ಹೋಗುವಾಗ ನೆರೆಯವನ ಮುಖ ನೋಡಿ ನಗುವುದನ್ನು ಮರೆಯಬೇಡಿ ಎಂದಷ್ಟೇ ಹೇಳಿದರು. ಇದನ್ನು ಅವರು ಯಾಕೆ ಹೇಳಬೇಕಾಯಿತೆಂಬುದಕ್ಕೆ ಇತಿಹಾಸವಿದೆ. 1988ರಲ್ಲಿ ಶುರುವಾಗಿ ಹತ್ತು ವರ್ಷ ನಡೆದ ಯುದ್ಧ ಬರಿಯ ಸೈನ್ಯಕ್ಕೂ ಬಂಡಾಯಗಾರರಿಗೂ ನಡೆದದ್ದಲ್ಲ. ಬೂಗನ್‌ವಿಲ್ ಕ್ರಾಂತಿಕಾರಿ ಸೇನೆಯ ವಿರುದ್ಧ ಸ್ಥಳೀಯರದೇ ಪ್ರತಿರೋಧ ಪಡೆ ನಿಂತಿತು. ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ. ಕಾದಾಟದಲ್ಲಿ, ದಿಗ್ಬಂಧನದಿಂದ ಔಷಧಿ ಸಿಗದೆ, 20,000ದವರೆಗೂ ಜನ ಸತ್ತರೆಂಬ ಅಂದಾಜಿದೆ. ಈಗಿನ ಅಧ್ಯಕ್ಷ ಇಶ್ಮಾಯೆಲ್ ಟೊರೊಆಮಾ ಕ್ರಾಂತಿಕಾರಿ ಸೇನೆಯ ಕಮಾಂಡರ್ ಆಗಿದ್ದವರು. ಅವರಿಗೆ ಎದುರಾಗಿ ನಿಂತಿದ್ದ ಸ್ಯಾಮ್ ಅಕೊಯ್ಟಾಯ್ ಪ್ರತಿರೋಧ ಪಡೆಯ ನಾಯಕರಲ್ಲಿ ಒಬ್ಬರಾಗಿದ್ದು, ಮುಂದೆ ಪಪುವಾ ನ್ಯೂಗಿನಿಯ ಗಣಿ ಸಚಿವರಾಗಿದ್ದವರು. ಬಂದೂಕಿನ ಎರಡು ಬದಿಗಳಲ್ಲಿದ್ದವರ ಹೆಸರುಗಳು ಒಂದೇ ಮತಪತ್ರದಲ್ಲಿ ಅಚ್ಚಾಗಿರುವುದು ಈ ನಾಡು ಎಷ್ಟು ದೂರ ನಡೆದು ಬಂದಿದೆ ಎಂಬುದಕ್ಕೆ ಸಾಕಷ್ಟು ದೊಡ್ಡ ಸಾಕ್ಷಿ.

ಮಧ್ಯಾಹ್ನ ಕಿಯೆಟಾ ಬಂದರು ನೋಡಿ, ಕರಾವಳಿಯ ರೊರೊವಾನಾ ಹಳ್ಳಿಗೆ ಹೋದೆ. 1969ರ ಆಗಸ್ಟ್‌ನಲ್ಲಿ ಗಣಿಯ ಬಂದರಿಗೆಂದು ಇಲ್ಲಿನ ನೆಲವನ್ನು ಅಳೆಯಲು ಬಂದಾಗ, ಹೆಂಗಸರು ಅಡ್ಡ ನಿಂತರು. ಆಸ್ಟ್ರೇಲಿಯಾ ಆಡಳಿತದ ಪೊಲೀಸರು ಅಶ್ರುವಾಯು ಸಿಡಿಸಿದರು. ಹೆಂಗಸರೇ ಮುಂದೆ ನಿಂತದ್ದು ಆಕಸ್ಮಿಕವಲ್ಲ. ಬೂಗನ್‌ವಿಲ್‌ನ ಹೆಚ್ಚಿನ ಭಾಗಗಳಲ್ಲಿ ಭೂಮಿ ತಾಯಿಯ ಕಡೆಯಿಂದ ಮಗಳಿಗೆ ಬರುತ್ತದೆ. ಅಳಿಯಕಟ್ಟು ಇದ್ದ ಕರಾವಳಿಯ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಜೊತೆ ಮಾತಿಗೆ ಕೂತ ಹಿರಿಯ ಹೆಂಗಸು ನೆಲದ ಮೇಲೆ ಬೆರಳಿನಿಂದ ತಮ್ಮ ಕುಲದ ಗಡಿಗಳನ್ನು ಎಳೆದು ತೋರಿಸಿ, ಪ್ರತಿ ಗಡಿಗೂ ಒಬ್ಬ ಅಜ್ಜಿಯ ಹೆಸರು ಹೇಳಿದರು. ಗಂಡಸರ ಹೆಸರು ಒಂದೂ ಬರಲಿಲ್ಲ.

ಆದರೆ ಭೂಮಿಯ ಒಡೆತನ ರಾಜಕೀಯದ ಅಧಿಕಾರವಾಗಿ ಸುಲಭಕ್ಕೆ ಬದಲಾಗಿಲ್ಲ. ಶಾಸನಸಭೆಯಲ್ಲಿ ಉತ್ತರ, ಮಧ್ಯ, ದಕ್ಷಿಣ ಪ್ರದೇಶಗಳಿಗೆ ಒಂದೊಂದರಂತೆ ಮೂರು ಸ್ಥಾನ ಮಹಿಳೆಯರಿಗೆ ಮೀಸಲು. ಮೀಸಲಲ್ಲದ ಕ್ಷೇತ್ರದಿಂದ ಮೊದಲ ಸಲ ಗೆದ್ದ ಮಹಿಳೆ ಜೋಸೆಫೀನ್ ಗೆಟ್ಸಿ, 2015ರಲ್ಲಿ. 2020ರಲ್ಲಿ ಗಣಿಯಿರುವ ಪಂಗುನಾ ಸೇರಿರುವ ಇಯೊರೊ ಕ್ಷೇತ್ರದಿಂದ ಥಿಯೊನಿಲಾ ರೋಕಾ ಮ್ಯಾಟ್‌ಬೊಬ್ ಗೆದ್ದರು. ಗಣಿಯಿಂದಾದ ಹಾನಿಯನ್ನು, ಅದರ ಬಹುಪಾಲು ಷೇರು ಹೊಂದಿದ್ದ ರಿಯೊ ಟಿಂಟೊ ಕಂಪನಿಯ ಮುಂದಿಟ್ಟು ಹೋರಾಡಿದವರು ಅವರು. ಈ ಸಲ ಅಧ್ಯಕ್ಷ ಸ್ಥಾನದ ಕಣದಲ್ಲಿದ್ದ ಏಳೂ ಮಂದಿ ಗಂಡಸರು. "ನೆಲ ನಮ್ಮದು, ಕುರ್ಚಿ ಅವರದು," ಎಂದು ಆ ಹಿರಿಯ ಹೆಂಗಸು ಹೇಳಿದಾಗ ಅವರ ದನಿಯಲ್ಲಿ ದೂರಿಗಿಂತ ಲೆಕ್ಕಾಚಾರವೇ ಹೆಚ್ಚಿತ್ತು.

ಸೆಪ್ಟೆಂಬರ್ 1, ಸೋಮವಾರ: ಪಂಗುನಾ

ಇಂದಿಗೆ ಸರಿಯಾಗಿ 50 ವರ್ಷಗಳ ಹಿಂದೆ, 1975ರ ಸೆಪ್ಟೆಂಬರ್ 1ರಂದು, ಪಪುವಾ ನ್ಯೂಗಿನಿ ಸ್ವತಂತ್ರವಾಗುವುದಕ್ಕೆ ಎರಡು ವಾರ ಮೊದಲು, ಬೂಗನ್‌ವಿಲ್ ನಾಯಕರು ಉತ್ತರ ಸಾಲೊಮನ್ ಗಣರಾಜ್ಯವನ್ನು ಘೋಷಿಸಿದ್ದರು. ಯಾವ ದೇಶವೂ ಅದನ್ನು ಮಾನ್ಯ ಮಾಡಲಿಲ್ಲ. ಮರುವರ್ಷ ಪ್ರಾಂತ್ಯದ ಸ್ಥಾನಮಾನಕ್ಕೆ ಒಪ್ಪಿಕೊಂಡು ಒಳಗೆ ಬರಬೇಕಾಯಿತು. ಈಗ ಬೂಗನ್‌ವಿಲ್ ನಾಯಕರು ಸ್ವಾತಂತ್ರ್ಯಕ್ಕೆ ಗೊತ್ತುಮಾಡಿಕೊಂಡಿರುವ ದಿನವೂ ಸೆಪ್ಟೆಂಬರ್ 1, ವರ್ಷ 2027.

ನೆಲದ ಒಡೆಯರ ಅನುಮತಿ ಪಡೆದು, ಅವರಲ್ಲೇ ಒಬ್ಬರನ್ನು ಜೊತೆಗೆ ಕರೆದುಕೊಂಡು ಅರಾವಾದಿಂದ ಬೆಟ್ಟ ಹತ್ತಿದೆವು. ಮಂಜಿನಿಂದ ಹೊರಬಂದಾಗ ಎದುರಿಗೆ ಗಣಿ ಕಂಡಿತು. ನನಗೆ ಮಾತು ಹೊರಡಲಿಲ್ಲ. ಬೆಟ್ಟವೊಂದನ್ನು ಬೇರು ಸಮೇತ ತೆಗೆದು ಅದರ ಜಾಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಬೃಹತ್ ಕುಳಿ. 1972ರಿಂದ 1989ರವರೆಗೆ ಬೂಗನ್‌ವಿಲ್ ಕಾಪರ್ ಲಿಮಿಟೆಡ್ ಇಲ್ಲಿಂದ ತಾಮ್ರ ಮತ್ತು ಚಿನ್ನ ತೆಗೆಯಿತು. ಪಪುವಾ ನ್ಯೂಗಿನಿಯ ರಫ್ತಿನ ಆದಾಯದಲ್ಲಿ ಶೇಕಡ 40ಕ್ಕೂ ಹೆಚ್ಚು ಇಲ್ಲಿಂದಲೇ ಬರುತ್ತಿದ್ದ ಕಾಲವಿತ್ತು. ನೆಲದ ಒಡೆಯರಿಗೆ ಸಿಕ್ಕ ಪಾಲು ಅತ್ಯಲ್ಪ. ಒಂದು ಶತಕೋಟಿ ಟನ್ನಿಗೂ ಹೆಚ್ಚಿನ ಗಣಿತ್ಯಾಜ್ಯ ಕಾವೆರೊಂಗ್ ಮತ್ತು ಜಾಬಾ ನದಿಗಳಿಗೆ ಹೋಯಿತು. ಹೊಸ ಪೀಳಿಗೆಯ ಭೂಮಾಲೀಕರ ನಾಯಕನಾಗಿ ಬಂದ ಫ್ರಾನ್ಸಿಸ್ ಓನಾ ಪರಿಹಾರ ಕೇಳಿ, ಅದು ಸಿಗದಾಗ 1988ರ ಕೊನೆಯಲ್ಲಿ ವಿದ್ಯುತ್ ಗೋಪುರಗಳನ್ನು ಸಿಡಿಸುವ ದಾರಿ ಹಿಡಿದರು. 1989ರ ಮೇ ತಿಂಗಳಲ್ಲಿ ಗಣಿ ಮುಚ್ಚಿತು. ಅಂದಿನಿಂದ ತೆರೆದಿಲ್ಲ.

ಕುಳಿಯ ಕೆಳಗಿನ ಹೊಳೆಯ ಬಳಿ ಇಳಿದು ನೋಡಿದೆ. ಕಲ್ಲುಗಳ ಮೇಲೆ ಹಳೆಯ ತಾಮ್ರದ ಪಾತ್ರೆಗೆ ಹಿಡಿಯುವಂಥ ಹಸಿರುನೀಲಿ ಕಿಲುಬು ದಪ್ಪವಾಗಿ ಕೂತಿತ್ತು. ನೀರಿನಲ್ಲಿ ಒಂದು ಹುಳುವೂ ಇರಲಿಲ್ಲ. ಸ್ವಲ್ಪ ಕೆಳಗೆ ತಾಯಿ ಮತ್ತು ಇಬ್ಬರು ಮಕ್ಕಳು ಮೊಣಕಾಲುದ್ದ ನೀರಿನಲ್ಲಿ ನಿಂತು ಮರಳನ್ನು ತಟ್ಟೆಯಲ್ಲಿ ಜಾಲಿಸಿ ಚಿನ್ನದ ಕಣ ಹುಡುಕುತ್ತಿದ್ದರು. ತಾಯಿ ತಟ್ಟೆಯನ್ನು ನನ್ನ ಕಡೆ ವಾಲಿಸಿ ತೋರಿಸಿದರು. ಕಪ್ಪು ಮರಳಿನ ಅಂಚಿನಲ್ಲಿ ಅಕ್ಕಿನುಚ್ಚಿಗಿಂತ ಸಣ್ಣದಾದ ನಾಲ್ಕೈದು ಹೊಳಪುಗಳಿದ್ದವು. ಶಾಲೆಯ ಫೀಸು, ಉಪ್ಪು, ಸೋಪು ಇದರಿಂದಲೇ ಆಗಬೇಕು.

ಜೊತೆಗಿದ್ದ ಒಡೆಯರು ಯುದ್ಧದಲ್ಲಿ ಹುಡುಗನಾಗಿದ್ದಾಗಲೇ ಬಂದೂಕು ಹಿಡಿದವರು. ದಿಗ್ಬಂಧನದ ವರ್ಷಗಳಲ್ಲಿ ತೆಂಗಿನೆಣ್ಣೆ ಹಾಕಿ ಟ್ರಕ್ಕು ಓಡಿಸಿದ್ದು, ಗಣಿಯ ಕಬ್ಬಿಣದಿಂದ ಹೊಳೆಗೆ ಸಣ್ಣ ಟರ್ಬೈನು ಮಾಡಿ ಕೂರಿಸಿ ದೀಪ ಹೊತ್ತಿಸಿದ್ದು ಇವನ್ನೆಲ್ಲ ಅವರು ಉತ್ಸಾಹದಿಂದ ಹೇಳಿದರು. ಗಣಿ ಮತ್ತೆ ತೆರೆಯಬೇಕೆ ಎಂದು ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದರು. "ತೆರೆಯದಿದ್ದರೆ ದೇಶ ನಡೆಸಲು ಹಣವಿಲ್ಲ ಎನ್ನುತ್ತಾರೆ. ತೆರೆದರೆ ಈ ಹೊಳೆ ನೋಡಿ. ನನ್ನ ತಮ್ಮ ಸತ್ತದ್ದು ಇದನ್ನು ಮುಚ್ಚಿಸಲಿಕ್ಕೆ." 2016ರಲ್ಲಿ ರಿಯೊ ಟಿಂಟೊ ಗಣಿ ಕಂಪನಿಯಲ್ಲಿನ ತನ್ನ ಷೇರುಗಳನ್ನೆಲ್ಲ ಬಿಟ್ಟುಕೊಟ್ಟು ಹೊರನಡೆಯಿತು; ಸ್ವಚ್ಛಗೊಳಿಸುವ ಹೊಣೆಯ ಮಾತು ವರ್ಷಗಟ್ಟಲೆ ನೆನೆಗುದಿಗೆ ಬಿತ್ತು. 2024ರ ಡಿಸೆಂಬರ್‌ನಲ್ಲಿ ಹೊರಬಂದ ಹಾನಿಯ ಸಮೀಕ್ಷೆಯ ನಂತರವಷ್ಟೇ ಪರಿಹಾರದ ಕುರಿತು ಗಂಭೀರ ಮಾತುಕತೆ ಸಾಗಿದೆ. ನೆಲವನ್ನು ಕೆಡಿಸಿದವರು ಅದನ್ನು ಸರಿಪಡಿಸುವ ಮೊದಲೇ ಅದೇ ನೆಲದಿಂದ ಸ್ವಾತಂತ್ರ್ಯದ ವೆಚ್ಚ ತೂಗಿಸಿಕೊಳ್ಳಿ ಎಂದು ಈ ಜನಕ್ಕೆ ಹೇಳುವುದು ನ್ಯಾಯವಲ್ಲ. ಆದರೂ ಕಣದಲ್ಲಿರುವ ಪ್ರಮುಖರ ಲೆಕ್ಕವೆಲ್ಲ ಕೊನೆಗೆ ಈ ಕುಳಿಯ ಹತ್ತಿರವೇ ಬಂದು ನಿಲ್ಲುತ್ತದೆ.

ಸೆಪ್ಟೆಂಬರ್ 2, ಮಂಗಳವಾರ: ಮತ್ತೆ ಉತ್ತರಕ್ಕೆ

ಇಡೀ ದಿನ ಮಳೆ, ಇಡೀ ದಿನ ರಸ್ತೆ. ಟಿನ್‌ಪುಟ್ಜ್ ಹತ್ತಿರ ಕಾರ್ಟರೆಟ್ ಹವಳದ್ವೀಪಗಳಿಂದ ಬಂದು ನೆಲೆಸಿದ ಕುಟುಂಬಗಳನ್ನು ಕಂಡೆ. ಸಮುದ್ರ ನುಗ್ಗಿ ತೋಟಗಳಿಗೆ ಉಪ್ಪುನೀರು ಹತ್ತಿದ ಮೇಲೆ ಅವರು ಇಲ್ಲಿಗೆ ಬಂದು ಕೊಕ್ಕೊ ಬೆಳೆಯುತ್ತಿದ್ದಾರೆ. ಹೊಸ ದೇಶವೊಂದು ಹುಟ್ಟುವ ಮೊದಲೇ ಅದರ ಒಂದು ತುಂಡು ನೀರಿಗೆ ಹೋಗುತ್ತಿದೆಯಲ್ಲ ಎಂಬ ಸಂಕಟ ದಾರಿಯುದ್ದಕ್ಕೂ ಕಾಡಿತು.

ಮತದಾನದ ದಿನ: ಬೂಕಾ ದ್ವೀಪದ ಒಂದು ಹಳ್ಳಿ

2020ರಲ್ಲಿ ಆಗಸ್ಟ್ 12ರಿಂದ ಸೆಪ್ಟೆಂಬರ್ 1ರವರೆಗೆ, ಸುಮಾರು ಮೂರು ವಾರ, ಅಧಿಕಾರಿಗಳು ಊರಿಂದೂರಿಗೆ ಪೆಟ್ಟಿಗೆ ಹೊತ್ತು ಮತದಾನ ನಡೆಸಿದ್ದರು. ಈ ಸಲ ಅದನ್ನು ಒಂದೇ ದಿನಕ್ಕೆ ತರಲು ಆಯೋಗ ಯೋಜಿಸಿತ್ತು. ಶಾಲೆಯ ಬಯಲಿನಲ್ಲಿ ಹಗ್ಗ ಕಟ್ಟಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಸಾಲು ಮಾಡಿದ್ದರು. ಹೊತ್ತು ಮೂಡುವ ಮೊದಲೇ ಜನ ಬಂದು ಕೂತಿದ್ದರು. ಹೆಂಗಸರು ಒಳ್ಳೆಯ ಬಟ್ಟೆ ಉಟ್ಟು, ಕೂದಲಿಗೆ ಹೂ ಮುಡಿದಿದ್ದರು. ಬಂದೂಕು ಹಿಡಿದವರು ಎಲ್ಲಿಯೂ ಕಾಣಲಿಲ್ಲ. ಇಬ್ಬರು ಪೊಲೀಸರು ಮಾವಿನ ಮರದ ಕೆಳಗೆ ಬರಿಗೈಯಲ್ಲಿ ಕೂತಿದ್ದರು.

ಪ್ರತಿ ಮತದಾರನ ಕೈಗೆ ನಾಲ್ಕು ಕಾಗದ ಬರುತ್ತದೆ: ಅಧ್ಯಕ್ಷರಿಗೆ ಒಂದು, ಸ್ವಂತ ಕ್ಷೇತ್ರದ ಪ್ರತಿನಿಧಿಗೆ ಒಂದು, ಪ್ರದೇಶದ ಮಹಿಳಾ ಪ್ರತಿನಿಧಿಗೆ ಒಂದು, ಮಾಜಿ ಹೋರಾಟಗಾರರ ಪ್ರತಿನಿಧಿಗೆ ಒಂದು. ಮಹಿಳಾ ಸ್ಥಾನಕ್ಕೆ ಗಂಡಸರೂ ಮತ ಹಾಕುತ್ತಾರೆ. ನಮ್ಮಲ್ಲಿ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಕ್ಕೆ ಮಾಡುವಂತೆ ಇಲ್ಲಿಯೂ ಪ್ರಾಶಸ್ತ್ಯ ಬರೆಯಬೇಕು, ಆದರೆ ಮೂರಕ್ಕೆ ಮಾತ್ರ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ ಕೊನೆಯವರ ಮತಗಳು ಎರಡನೆಯ, ಮೂರನೆಯ ಆಯ್ಕೆಗೆ ಹಂಚಿಹೋಗುತ್ತವೆ. ಕುಲಕುಲಗಳ ನಡುವೆ ಹಗೆ ಕಂಡ ನಾಡಿಗೆ ಇದು ಒಪ್ಪುವ ಪದ್ಧತಿ ಎಂದು ನನಗನ್ನಿಸಿತು. ತನ್ನವನಿಗೆ ಮೊದಲ ಗುರುತು ಹಾಕಿದ ಮೇಲೂ ನೆರೆಯವನ ಕಡೆಗೆ ಎರಡನೆಯ ಗುರುತು ಉಳಿಯುತ್ತದೆ, ಅಭ್ಯರ್ಥಿಯೂ ಅದನ್ನು ಕೇಳಲು ನೆರೆಯ ಊರಿಗೆ ಹೋಗಲೇಬೇಕು.

ಮತಗಟ್ಟೆಯಿಂದ ಹೊರಬಂದ ಮುದುಕರೊಬ್ಬರು ಶಾಯಿ ಹಚ್ಚಿದ ಬೆರಳನ್ನು ನನಗೆ ತೋರಿಸಿದರು. ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆ ಭಾರತಕ್ಕಷ್ಟೇ ಅಲ್ಲದೆ ಪಪುವಾ ನ್ಯೂಗಿನಿಯೂ ಸೇರಿ ಹಲವು ದೇಶಗಳಿಗೆ ಇಂಥ ಶಾಯಿ ಕಳುಹಿಸಿದೆ ಎಂದು ಹೇಳಿದೆ. ಅವರು ಬೆರಳನ್ನು ಮತ್ತೊಮ್ಮೆ ತಿರುಗಿಸಿ ನೋಡಿಕೊಂಡು, ನಿಮ್ಮಲ್ಲಿ ಮತ ಹಾಕಿದ ಮೇಲೆ ಉತ್ತರಕ್ಕೆ ಎಷ್ಟು ದಿನ ಕಾಯುತ್ತೀರಿ ಎಂದು ಕೇಳಿದರು. ಕೆಲವು ದಿನ ಅಥವಾ ಕೆಲವು ವಾರ ಎಂದೆ. "ನಾವು ಆರನೆಯ ವರ್ಷದಲ್ಲಿದ್ದೇವೆ," ಎಂದರು.

ಆಮೇಲೆ

ಎಣಿಕೆ ಮುಗಿದು ಫಲಿತಾಂಶ ಪ್ರಕಟವಾದದ್ದು ನಾನು ಮರಳಿ ಬಂದ ಮೇಲೆ, ಸೆಪ್ಟೆಂಬರ್ ಉತ್ತರಾರ್ಧದಲ್ಲಿ. ಟೊರೊಆಮಾ ಭಾರಿ ಅಂತರದಿಂದ ಮತ್ತೆ ಗೆದ್ದರು, ಅಕೊಯ್ಟಾಯ್ ಎರಡನೆಯವರಾದರು. ಜನ ಇದರಿಂದ ಹೇಳಿದ್ದು ಸ್ಪಷ್ಟವಾಗಿದೆ: ಹಿಡಿದ ದಾರಿಯಲ್ಲೇ ಮುಂದೆ ಹೋಗಿ. ನ್ಯೂಜಿಲೆಂಡಿನ ಮಾಜಿ ಗವರ್ನರ್ ಜನರಲ್ ಸರ್ ಜೆರ್ರಿ ಮಟೆಪರಾಯೆ ಅವರ ಮಧ್ಯಸ್ಥಿಕೆಯಲ್ಲಿ 2025ರ ಜೂನ್‌ನಲ್ಲಿ ಆ ದೇಶದ ಬರ್ನ್‌ಹ್ಯಾಮ್‌ನಲ್ಲಿ ಆದ ಮೆಲನೇಷ್ಯನ್ ಒಪ್ಪಂದ ಜನಮತದ ತೀರ್ಪನ್ನು ಸಂಸತ್ತಿನ ಮುಂದೆ ತರುವ ದಾರಿಯನ್ನು ಗುರುತಿಸಿದೆ. ಮುಂದಿನ ಹೆಜ್ಜೆ ಪ್ರಧಾನಿ ಜೇಮ್ಸ್ ಮರಾಪೆ ಅವರ ಸರ್ಕಾರದ್ದು. ಒಂದು ಪ್ರಾಂತ್ಯವನ್ನು ಬಿಟ್ಟರೆ ಉಳಿದವೂ ಕೇಳಬಹುದೆಂಬ ಅಳುಕು ಅಲ್ಲಿನ ಸಂಸದರಲ್ಲಿ ಹಲವರಿಗಿದೆ. 800ಕ್ಕೂ ಹೆಚ್ಚು ಭಾಷೆಗಳ ದೇಶವೊಂದನ್ನು ಒಟ್ಟಿಗಿಟ್ಟುಕೊಂಡವರಿಗೆ ಆ ಅಳುಕು ಬರುವುದು ಸಹಜ. ಆದರೆ ಆ ಭಯಕ್ಕೆ ಉತ್ತರವನ್ನು 2001ರಲ್ಲಿ ಅವರ ಸರ್ಕಾರವೇ ಸಹಿ ಮಾಡಿ ಕೊಟ್ಟಿತ್ತು, ಅದನ್ನು ನಂಬಿಯೇ ಬೂಗನ್‌ವಿಲ್ ಜನ ಶಸ್ತ್ರ ಕೆಳಗಿಟ್ಟರು. 2022ರಲ್ಲಿ ಆರಿಸಿಬಂದ ಪಪುವಾ ನ್ಯೂಗಿನಿಯ ಸಂಸತ್ತಿನ ಅವಧಿ 2027ರ ನಡುವೆ ಮುಗಿಯುತ್ತದೆ. ಅಷ್ಟರೊಳಗೆ ಅದು ಮಾತಾಡದಿದ್ದರೆ, ಆ ವರ್ಷದ ಸೆಪ್ಟೆಂಬರ್ 1 ಹೊಸದಾಗಿ ಬಂದು ಕೂತ ಸಂಸತ್ತಿನ ಮುಂದೆ ಬಂದು ನಿಲ್ಲುತ್ತದೆ; ಬೂಕಾದಲ್ಲಿ ಈಗ ಆರಿಸಿಬಂದವರು ಆ ದಿನಕ್ಕಾಗಿ ಸಂವಿಧಾನ, ಖಜಾನೆ, ನ್ಯಾಯಾಲಯಗಳನ್ನು ಈಗಿನಿಂದಲೇ ಸಿದ್ಧಪಡಿಸಿಕೊಳ್ಳಬೇಕಾಗಿದೆ.